ಮುರಕಲ್ಲಿನ ಗೋಡೆಯ ಮೇಲೆ ಅಕ್ರಿಲಿಕ್ ಕಲಾಪ್ರತಿಗಳು: ಕೆಲವು ಮಳೆಗಾಲಗಳ ಬಳಿಕ

ಕುಂಬಳೆಯ ನಮ್ಮ ಮನೆಯ ಚಾವಡಿಗೆ ಪರಿಕಲ್ಪನಾ ಕಲೆಯ (ವಸ್ತುವಿನ ಅಂದಕ್ಕಿಂತ ಅದರ ಹಿಂದಿನ ವಿಚಾರವೇ ಮುಖ್ಯವೆನ್ನುವ ಕಲೆ) ಮೂರು ಪ್ರಸಿದ್ಧ ಕೃತಿಗಳ ಪ್ರತಿಗಳನ್ನು ಆನ್‌ಲೈನಿನಲ್ಲಿ ತರಿಸಿ ಕೆಲವು ಮಳೆಗಾಲಗಳು ಕಳೆದಿವೆ. ಇವು ಕ್ಯಾನ್ವಾಸಿನ ಮೇಲೆ ಬಣ್ಣದಿಂದ ಬಿಡಿಸಿದವಲ್ಲ. 5 ಮಿಲಿಮೀಟರ್ ದಪ್ಪದ ಪಾರದರ್ಶಕ ಅಕ್ರಿಲಿಕ್ ಹಾಳೆಯ ಹಿಂಬದಿಗೆ ನೇರವಾಗಿ ಮುದ್ರಿಸಿದವು.

ಬಾಳಿಕೆಯ ಬಗ್ಗೆ ದೂರಿಲ್ಲ. ಗಾಜಿನ ಚೌಕಟ್ಟಿನೊಳಗಿನ ಕಾಗದದ ಚಿತ್ರಗಳಿಗೆ ಆಷಾಢದಲ್ಲಿ ಬೂಷ್ಟು ಹಿಡಿಯುವ ನಮ್ಮ ಕರಾವಳಿಯಲ್ಲಿ ಇವುಗಳ ಬಣ್ಣ ಕಂದಿಲ್ಲ, ಅಂಚು ಎದ್ದಿಲ್ಲ. 60×90 ಸೆಂಟಿಮೀಟರಿನ ಹಾಳೆ ಸುಮಾರು 3.2 ಕಿಲೋ ತೂಗುತ್ತದೆ, ಅಂದರೆ ಅದೇ ಅಳತೆಯ ಗಾಜಿನ ಅರ್ಧದಷ್ಟು. ಆದರೂ ಮುರಕಲ್ಲು ಡ್ರಿಲ್ ತಾಗಿದೊಡನೆ ಉದುರುವುದರಿಂದ ತೂತಿಗೆ ಸಿಮೆಂಟು ತುಂಬಿಯೇ ತಿರುಪು ಕೂರಿಸಬೇಕು. ಉಪ್ಪುಗಾಳಿಗೆ ಸ್ಟೇನ್‌ಲೆಸ್ ಸ್ಟೀಲಿನ ತಿರುಪುಗಳೇ ಆಗಬೇಕು. ಅಮೋನಿಯಾ ಇರುವ ಗಾಜಿನ ದ್ರಾವಣವಾಗಲಿ ಸ್ಪಿರಿಟ್ ಆಗಲಿ ತಾಗಿದರೆ ಅಕ್ರಿಲಿಕ್ ಮೇಲೆ ಕೂದಲೆಳೆಯ ಬಿರುಕುಗಳು ಮೂಡುತ್ತವೆ. ಒಣಬಟ್ಟೆಯಿಂದ ಉಜ್ಜಿದರೆ ಗೀರು ಬೀಳುತ್ತದೆ, ಧೂಳು ಮತ್ತಷ್ಟು ಅಂಟುತ್ತದೆ. ಒದ್ದೆ ಮಾಡಿ ಹಿಂಡಿದ ಮೆತ್ತನೆಯ ಬಟ್ಟೆ ಸಾಕು.

ಯಾವ ಕೃತಿ ಈ ಮಾಧ್ಯಮಕ್ಕೆ ಒಗ್ಗುತ್ತದೆ ಎಂಬುದನ್ನು ಮಾರಾಟಗಾರರು ಹೇಳುವುದಿಲ್ಲ. ಮಾರ್ಸೆಲ್ ದುಶಾಂಪನ ‘ಫೌಂಟೇನ್’ ಚೆನ್ನಾಗಿ ಒಗ್ಗಿದೆ. 1917ರಲ್ಲಿ ಅವನು ಕಲಾಕೃತಿಯೆಂದು ಮುಂದಿಟ್ಟ ಆ ಮೂತ್ರಪಾತ್ರೆಯ (ಯೂರಿನಲ್) ಮೂಲವೇ ಕಳೆದುಹೋಗಿದ್ದು, ಜಗತ್ತು ಅದನ್ನು ಆಲ್ಫ್ರೆಡ್ ಸ್ಟೀಗ್ಲಿಟ್ಸ್ ತೆಗೆದ ಛಾಯಾಚಿತ್ರದಿಂದ ಬಲ್ಲದು. ಆದ್ದರಿಂದ ಛಾಯಾಚಿತ್ರದ ಪ್ರತಿಯಿಂದ ಹೆಚ್ಚೇನೂ ನಷ್ಟವಾಗುವುದಿಲ್ಲ. (ಚಾವಡಿಯಲ್ಲಿ ಇದೆಂಥದ್ದು ಎಂದು ನೆಂಟರು ಕೇಳುವುದು ಬೇರೆ ಮಾತು.) ಜೋಸೆಫ್ ಕೊಸುತ್ 1965ರಲ್ಲಿ ಒಂದು ಕುರ್ಚಿ, ಅದರ ಛಾಯಾಚಿತ್ರ ಮತ್ತು ಕುರ್ಚಿಯ ನಿಘಂಟಿನ ಅರ್ಥವನ್ನು ಒಟ್ಟಿಗಿಟ್ಟು ರಚಿಸಿದ ಕೃತಿಯಾದರೋ ಹಾಳೆಯ ಮೇಲೆ ಸೊರಗುತ್ತದೆ, ಏಕೆಂದರೆ ಅಲ್ಲಿ ನಿಜವಾದ ಕುರ್ಚಿಯೂ ಚಿತ್ರವಾಗಿಬಿಡುತ್ತದೆ. ಸೋಲ್ ಲೆವಿಟ್‌ನ ಗೋಡೆಚಿತ್ರದ ಪ್ರತಿಯಂತೂ ಕೊಂಡ ಬೆಲೆಗೆ ತಕ್ಕುದಲ್ಲ. ಅವನು ಕೊಡುತ್ತಿದ್ದುದು ಸೂಚನೆಗಳನ್ನು. ಅವುಗಳಂತೆ ಇತರರು ನೇರವಾಗಿ ಗೋಡೆಯ ಮೇಲೆ ಎಳೆದ ಪೆನ್ಸಿಲ್ ಗೆರೆಗಳ ನವುರು ಅಕ್ರಿಲಿಕ್ಕಿನ ಹೊಳಪಿನಡಿ ಸತ್ತುಹೋಗುತ್ತದೆ, ಹಗಲಿನಲ್ಲಿ ಗೆರೆಗಳಿಗಿಂತ ಎದುರಿನ ಕಿಟಕಿಯೇ ಸ್ಪಷ್ಟವಾಗಿ ಕಾಣುತ್ತದೆ.

ಹೊಳಪಿಲ್ಲದ ಹಾಳೆ ಸಿಗುವುದಾದರೆ ಅದನ್ನೇ ಕೇಳಿ ಪಡೆಯಿರಿ. ಹಕ್ಕುಸ್ವಾಮ್ಯದ ಅನುಮತಿಯ ಬಗ್ಗೆಯೂ ವಿಚಾರಿಸಿ: ಭಾರತದಲ್ಲಿ ಅದು ಕಲಾವಿದರು ತೀರಿಕೊಂಡ ನಂತರವೂ 60 ವರ್ಷ ಇರುತ್ತದೆ, ಲೆವಿಟ್ ತೀರಿಕೊಂಡದ್ದು 2007ರಲ್ಲಿ. ನನಗೆ ಮಾರಿದವರು ಈ ಪ್ರಶ್ನೆಗೆ ಉತ್ತರವಾಗಿ ರಿಯಾಯಿತಿಯ ಕೂಪನ್ ಕಳುಹಿಸಿದರು.