ಪ್ಯಾಕೇಜ್ ಟೂರಾ, ಸ್ವಂತ ಬುಕಿಂಗಾ, ಇಲ್ಲ ಅರ್ಧ ಅದು ಅರ್ಧ ಇದಾ: ದಾವಣಗೆರೆಯಿಂದ ಫಾರಿನ್ ಹೊರಟೋರಿಗೆ

ದಾವಣಗೆರೆಲಿ ಈಗ ಯಾರ ಮನೆಗೆ ಹೋದ್ರೂ ಒಬ್ರಾದ್ರೂ ಥಾಯ್ಲೆಂಡೋ ದುಬೈಯೋ ಮುಗಿಸ್ಕೊಂಡು ಬಂದಿರ್ತಾರೆ, ಬಂದೋರೆಲ್ಲ ಕೊಡೋ ಸಲಹೆ ಎರಡೇ ತರ. "ಪ್ಯಾಕೇಜಲ್ಲೇ ಹೋಗ್ರಿ, ತಲೆನೋವಿಲ್ಲ" ಅನ್ನೋರು ಒಂದು ಕಡೆ, "ಏಜೆಂಟ್‌ಗೆ ಯಾಕ್ ಸುರೀತೀರಿ ದುಡ್ಡು, ಮೊಬೈಲಲ್ಲೇ ಎಲ್ಲ ಆಗುತ್ತೆ" ಅನ್ನೋ ಹುಡುಗ್ರು ಇನ್ನೊಂದು ಕಡೆ. ನಾನು ಎರಡೂ ಮಾಡಿ ನೋಡಿದೀನಿ, ಮೂರನೇದೊಂದು ದಾರಿನೂ ನೋಡಿದೀನಿ, ಅಂದ್ರೆ ಫ್ಲೈಟು ವೀಸಾ ನಾವೇ ಮಾಡ್ಕೊಂಡು, ಅಲ್ಲಿ ಇಳಿದ ಮೇಲಿನ ಹೋಟ್ಲು ಗಾಡಿ ಗೈಡು ಮಾತ್ರ ಆ ದೇಶದ ಏಜೆಂಟಿಗೆ ಬಿಡೋದು, ಟ್ರಾವೆಲ್ಸ್‌ನೋರ ಬಾಯಲ್ಲಿ ಲ್ಯಾಂಡ್ ಪ್ಯಾಕೇಜ್. ಅಪ್ಪ ಅಮ್ಮನ್ನ ಕರ್ಕೊಂಡು ಸಿಂಗಾಪುರ-ಮಲೇಷ್ಯಾ ಗ್ರೂಪ್ ಟೂರಲ್ಲಿ, ನಾನೂ ನನ್ನ ಹೆಂಡ್ತೀನೂ ಥಾಯ್ಲೆಂಡ್ ಸ್ವಂತ ಬುಕಿಂಗಲ್ಲಿ, ಅಕ್ಕ ಭಾವ ಮಕ್ಳ ಜೊತೆ ವಿಯೆಟ್ನಾಂ ಲ್ಯಾಂಡ್ ಪ್ಯಾಕೇಜಲ್ಲಿ. ದೇಶ ಬೇರೆ ಬೇರೆ, ಹಂಗಾಗಿ ರೂಪಾಯಿಗೆ ರೂಪಾಯಿ ತೂಗಕ್ಕೆ ಬರಲ್ಲ, ಒಪ್ಕೋತೀನಿ. ಆದ್ರೆ ಯಾವುದ್ರಲ್ಲಿ ದುಡ್ಡು ಎಲ್ಲಿ ಸೋರುತ್ತೆ, ಯಾವುದ್ರಲ್ಲಿ ರಾತ್ರಿ ನಿದ್ದೆ ಬರುತ್ತೆ ಅನ್ನೋದು ಹೇಳಬಲ್ಲೆ.

ಮೊದ್ಲು ರೇಟಿನ ವಿಷ್ಯ. ಗ್ರೂಪ್ ಟೂರಿನ ಪಾಂಪ್ಲೆಟ್ಟಲ್ಲಿ ದಪ್ಪ ಅಕ್ಷರದಲ್ಲಿ ಹಾಕಿರ್ತಾರಲ್ಲ, ಅದು ಕೊನೆಗೆ ನಮ್ಮ ಕೈಯಿಂದ ಹೋಗೋ ದುಡ್ಡಲ್ಲ. ಅದ್ರ ಮೇಲೆ 5 ಪರ್ಸೆಂಟ್ ಜಿಎಸ್‌ಟಿ, ಆಮೇಲೆ ಟಿಸಿಎಸ್ (ಟೂರ್‌ನೋರು ನಮ್ಮಿಂದ ಮೊದ್ಲೇ ಹಿಡಿದು ಸರ್ಕಾರಕ್ಕೆ ಕಟ್ಟೋ ಆದಾಯ ತೆರಿಗೆ), ಡ್ರೈವರ್ ಗೈಡ್ ಟಿಪ್ಸ್ ಅಂತ ದಿನಕ್ಕೆ ತಲೆಗಿಷ್ಟು ಡಾಲರ್ ಕಡ್ಡಾಯ, ಇನ್ನು ಆಪ್ಷನಲ್ ಅಂತ ಸಣ್ಣಕ್ಷರದಲ್ಲಿ ಇರೋ ಜಾಗಗಳು ಬೇರೆ. ಬಸ್ಸಲ್ಲಿರೋ ಅಷ್ಟೂ ಜನ ಆಪ್ಷನಲ್ ನೋಡಕ್ಕೆ ಇಳಿದು ಹೋದ್ರೆ ನೀವೊಬ್ರೇ ಕೂತ್ಕೊಂಡು ಏನ್ಮಾಡ್ತೀರಿ, ದುಡ್ಡು ಬಿಚ್ಚಲೇಬೇಕು. ಮಲೇಷ್ಯಾದಲ್ಲಿ ಒಂದು ಚಾಕ್ಲೇಟ್ ಅಂಗಡಿ ಮುಂದೆ ಮುಕ್ಕಾಲು ಗಂಟೆ ನಿಲ್ಸಿದ್ರು, ಬಟು ಕೇವ್ಸ್‌ಗೆ ಬಂದಾಗ ಮಾತ್ರ "ಬೇಗ ಫೋಟೋ ತಗೊಂಡು ಬನ್ನಿ". ಅಲ್ಲಿ ಗುಹೆಗೆ 272 ಮೆಟ್ಲು, ಅಮ್ಮ ನಿಧಾನಕ್ಕೆ ಹತ್ತಿ ಸುಬ್ರಹ್ಮಣ್ಯನ್ನ ನೋಡ್ಬೇಕು ಅಂತ ಊರಿಂದ್ಲೇ ಅನ್ಕೊಂಡು ಬಂದಿದ್ಲು, ಕೆಳಗಿರೋ ದೊಡ್ಡ ಚಿನ್ನದ ಬಣ್ಣದ ಮೂರ್ತಿಗೆ ಕೈ ಮುಗಿದು ವಾಪಸ್ ಬಸ್ ಹತ್ಬೇಕಾಯ್ತು. ಚಾಕ್ಲೇಟ್ ಅಂಗಡೀಲಿ ಕಮಿಷನ್ ಇರುತ್ತೆ, ದೇವಸ್ಥಾನದಲ್ಲಿ ಇರಲ್ಲ, ಅಷ್ಟೇ ಲೆಕ್ಕ.

ಟಿಸಿಎಸ್ ಬಗ್ಗೆ ಜನಕ್ಕೆ ಗೊಂದಲ ಜಾಸ್ತಿ, ಅದು ಹೋಗ್ಬಿಡೋ ದುಡ್ಡಲ್ಲ. 2023ರ ಅಕ್ಟೋಬರ್‌ನಿಂದ ವಿದೇಶಿ ಪ್ಯಾಕೇಜಿಗೆ 7 ಲಕ್ಷದ ತನಕ 5 ಪರ್ಸೆಂಟ್, ಮೇಲಿದ್ದಕ್ಕೆ 20 ಪರ್ಸೆಂಟ್ ಇತ್ತು, 2025ರ ಏಪ್ರಿಲ್‌ನಿಂದ ಆ 7 ಹೋಗಿ 10 ಲಕ್ಷ ಆಯ್ತು, 2026ರ ಬಜೆಟ್ಟಲ್ಲಿ ಸೀದಾ 2 ಪರ್ಸೆಂಟಿಗೆ ಇಳಿಸ್ತೀವಿ ಅಂದ್ರು. ಯಾರ ಪ್ಯಾನ್ ಮೇಲೆ ಕಟ್ ಆಗಿದ್ಯೋ ಅವ್ರ ತೆರಿಗೆ ಲೆಕ್ಕದ ಪಟ್ಟಿ 26ಎಎಸ್‌ನಲ್ಲಿ ಕಾಣುತ್ತೆ, ರಿಟರ್ನ್ ಹಾಕಿದ್ರೆ ತೆರಿಗೆಗೆ ವಜಾ ಆಗುತ್ತೆ ಇಲ್ಲ ವಾಪಸ್ ಬರುತ್ತೆ. ಅಪ್ಪ ಪೆನ್ಷನ್‌ದಾರ, ರಿಟರ್ನ್ ಹಾಕೋ ಅಭ್ಯಾಸನೇ ಇರ್ಲಿಲ್ಲ, ಇದಕ್ಕೋಸ್ಕರ ಆಡಿಟರ್ ಹತ್ರ ಕರ್ಕೊಂಡು ಹೋಗಿ ಹಾಕ್ಸಿದ್ದು. ಬರೀ ಫ್ಲೈಟ್ ಟಿಕೆಟ್ ತಗೊಂಡ್ರೆ ಈ ಟಿಸಿಎಸ್ ಇಲ್ಲ, ಸ್ವಂತ ಬುಕಿಂಗಿನ ಮೊದಲ ಲಾಭ ಇದೇ.

ಹಂಗಂತ ಸ್ವಂತ ಬುಕಿಂಗಲ್ಲಿ ದುಡ್ಡು ಸೋರಲ್ಲ ಅನ್ಕೋಬೇಡಿ, ಅಲ್ಲಿ ದೊಡ್ಡ ತೂತಿಲ್ಲ, ಸಣ್ಣ ಸಣ್ಣ ತೂತು ಬಹಳ. ಕಡಿಮೆ ರೇಟಿನ ಏರ್‌ಲೈನ್ ಆದ್ರೆ ಕೈಯಲ್ಲಿ 7 ಕೆಜಿ ಮಾತ್ರ, ಚೆಕ್ ಇನ್ ಬ್ಯಾಗಿಗೆ ಬೇರೆ ದುಡ್ಡು, ಅದನ್ನ ಮೊದ್ಲೇ ಆನ್‌ಲೈನಲ್ಲಿ ತಗೋಬೇಕು, ಕೌಂಟರಲ್ಲಿ ತಗೊಂಡ್ರೆ ಚರ್ಮ ಸುಲೀತಾರೆ. ಸೀಟಿಗೆ ದುಡ್ಡು, ನೀರಿಗೆ ದುಡ್ಡು. ಇಲ್ಲಿನ ಮಾಮೂಲಿ ಡೆಬಿಟ್ ಕ್ರೆಡಿಟ್ ಕಾರ್ಡ್ ಅಲ್ಲಿ ಉಜ್ಜಿದ್ರೆ ಮೂರು ಮೂರೂವರೆ ಪರ್ಸೆಂಟ್ ಮಾರ್ಕಪ್ಪು, ಅಂದ್ರೆ ನಮ್ಮ ಬ್ಯಾಂಕ್ ಮೇಲೆ ಹಾಕೋ ಚಾರ್ಜು. ಥಾಯ್ಲೆಂಡ್ ಎಟಿಎಂನಲ್ಲಿ ಒಂದ್ಸಲ ತೆಗೆದ್ರೆ ಅಲ್ಲಿನ ಬ್ಯಾಂಕಿಂದೇ ನಾವು ಹೋದಾಗ 220 ಬಾತ್ (ಅಲ್ಲಿನ ದುಡ್ಡು) ಚಾರ್ಜು ಇತ್ತು, ಐನೂರು ತೆಗೀರಿ ಇಪ್ಪತ್ತು ಸಾವಿರ ತೆಗೀರಿ ಅಷ್ಟೇ, ಹಂಗಾಗಿ ಚಿಲ್ರೆ ಚಿಲ್ರೆ ತೆಗಿಯೋನು ಕೆಟ್ಟ. ಇನ್ನೊಂದು, ಎಟಿಎಂ ಸ್ಕ್ರೀನಲ್ಲಿ ಕೊನೆಗೆ ಒಂದು ಪ್ರಶ್ನೆ ಬರುತ್ತೆ, ನಿಮ್ಮ ಅಕೌಂಟಿಂದ ಇಷ್ಟು ರೂಪಾಯಿ ಕಟ್ ಆಗುತ್ತೆ, ಈ ರೇಟು ಒಪ್ಪಿಗೆನಾ ಅಂತ. ರೂಪಾಯಿಲಿ ತೋರಿಸಿದ್ದು ನೋಡಿ ನಮಗೆ ಖುಷಿಯಾಗುತ್ತೆ, ಆದ್ರೆ ಆ ರೇಟು ಅವರೇ ಹಾಕ್ಕೊಂಡಿರೋದು, ನಮ್ಮ ಬ್ಯಾಂಕಿನ ರೇಟಿಗಿಂತ ಕೆಟ್ಟದು. ಬೇಡ ಅನ್ನೋದನ್ನೇ ಒತ್ಬೇಕು, ವ್ಯವಹಾರ ಕ್ಯಾನ್ಸಲ್ ಆಗಲ್ಲ, ದುಡ್ಡು ಬರುತ್ತೆ, ಬಾತ್‌ನಲ್ಲೇ ಲೆಕ್ಕ ಆಗುತ್ತೆ. ಅಂಗಡಿ ಸ್ವೈಪ್ ಮೆಷಿನ್ನಲ್ಲೂ ಇದೇ ಆಟ. ನಾವು ಸ್ವಲ್ಪ ಡಾಲರ್ ನೋಟು ಇಲ್ಲಿಂದ್ಲೇ ತಗೊಂಡು ಹೋಗಿದ್ವಿ. ಬ್ಯಾಂಕಾಕ್ ಸುವರ್ಣಭೂಮಿ ಏರ್‌ಪೋರ್ಟಲ್ಲಿ ಇಳಿದ ಮಹಡೀಲಿ ಬದಲಾಯಿಸದೆ ಕೆಳಗೆ ಮೆಟ್ರೋ ರೈಲು ಸಿಗೋ ಬೇಸ್ಮೆಂಟಿಗೆ ಇಳಿದ್ರೆ ಅಲ್ಲಿರೋ ಕೌಂಟರ್‌ಗಳಲ್ಲಿ ರೇಟು ಎಷ್ಟೋ ವಾಸಿ, ಒಂದೇ ಬಿಲ್ಡಿಂಗಲ್ಲಿ ಇಷ್ಟು ವ್ಯತ್ಯಾಸ ಇರುತ್ತೆ ಅಂತ ನೋಡೋ ತನಕ ನಂಬಿರ್ಲಿಲ್ಲ. ಅದೇ ರೈಲಲ್ಲಿ ಊರೊಳಗೆ ಹೋಗಕ್ಕೆ 45 ಬಾತ್ ಸಾಕು. ಇಷ್ಟೆಲ್ಲ ಸೇರ್ಸಿದ್ರೂ ಅದೇ ತರದ ಹೋಟ್ಲು, ಅದೇ ಜಾಗ ಇರೋ ಪ್ಯಾಕೇಜಿಗಿಂತ ಸುಮಾರು ಮೂರನೇ ಒಂದು ಭಾಗ ಉಳೀತು ನಮಗೆ, ಆದ್ರೆ ಹೊರಡೋಕೆ ಮುಂಚೆ ಎಷ್ಟು ರಾತ್ರಿ ನನ್ನ ಹೆಂಡ್ತಿ ಲ್ಯಾಪ್‌ಟಾಪ್ ಮುಂದೆ ಕೂತಿದ್ಲು ಅನ್ನೋದನ್ನ ಲೆಕ್ಕಕ್ಕೆ ಹಿಡಿದಿಲ್ಲ.

ವಿಯೆಟ್ನಾಂ ಲ್ಯಾಂಡ್ ಪ್ಯಾಕೇಜ್ ಎರಡರ ಮಧ್ಯ ನಿಂತ್ಕೊಂತು, ದುಡ್ಡಲ್ಲೂ ಆರಾಮಲ್ಲೂ. ಆರು ಜನಕ್ಕೆ ನಮ್ಮದೇ ವ್ಯಾನು, ನಮ್ಮದೇ ಟೈಮು. ಇದರ ಬೆಲೆ ಗೊತ್ತಾಗಿದ್ದು ಹಾಲೊಂಗ್ ಬೇ ಅನ್ನೋ ಕೊಲ್ಲಿಗೆ ಹೋಗ್ಬೇಕಾಗಿದ್ದ ದಿನ. ಅಲ್ಲಿ ಗಾಳಿ ಮಳೆ ಜಾಸ್ತಿ ಆದ್ರೆ ಸರ್ಕಾರದೋರೇ ದೋಣಿ ಬಿಡಲ್ಲ, ಎಂಥ ದೊಡ್ಡ ಕ್ರೂಸ್ ಆದ್ರೂ ಕಟ್ಟಿ ಹಾಕ್ಬೇಕು, ಹಿಂದಿನ ರಾತ್ರಿ ಮೆಸೇಜ್ ಬಂತು ನಾಳೆ ಇಲ್ಲ ಅಂತ. ಏಜೆಂಟು ಬೆಳಿಗ್ಗೆ ಏಳಕ್ಕೆ ಗಾಡಿ ತಿರುಗಿಸಿ ನಿನ್ ಬಿನ್ ಕಡೆಗೆ ಕರ್ಕೊಂಡು ಹೋದ, ಸುಣ್ಣಕಲ್ಲಿನ ಗುಡ್ಡ, ಗುಹೆಯೊಳಗೆ ಹರಿಯೋ ನದಿ, ದೋಣೀಲಿ ಕೂತು ಮಕ್ಳು ಹಾಲೊಂಗ್ ಮರ್ತೇಬಿಟ್ವು, ಕ್ರೂಸಿನ ದುಡ್ಡಲ್ಲಿ ವ್ಯತ್ಯಾಸ ಕಳೆದು ವಾಪಸ್ ಕೊಟ್ಟ. ನಾವೇ ಬುಕ್ ಮಾಡಿದ್ರೆ ಆ ರೀಫಂಡಿಗೆ ಯಾವ ಭಾಷೇಲಿ ಯಾರಿಗೆ ಫೋನ್ ಮಾಡೋದು, ಗ್ರೂಪ್ ಟೂರಲ್ಲಿದ್ರೆ ಬಸ್ ತುಂಬ ಜನರನ್ನ ಒಪ್ಪಿಸಿ ಬೇರೆ ಕಡೆ ಹೊರಡಿಸೋಕೆ ಮಧ್ಯಾಹ್ನ ಆಗ್ತಿತ್ತು. ಆದ್ರೆ ಏಜೆಂಟ್‌ನ ಹುಡುಕೋದೇ ಕೆಲಸ. ನಾವು ನೋಡಿದ್ದು ಇಷ್ಟು: ಆ ದೇಶದ ಟೂರ್ ಆಪರೇಟರ್ ಲೈಸೆನ್ಸ್ ನಂಬರ್ ಕೇಳಿದ್ರೆ ತಡ ಮಾಡದೆ ಕೊಡ್ತಾನಾ, ಅಡ್ವಾನ್ಸ್ ಯಾವುದೋ ವ್ಯಕ್ತಿ ಹೆಸರಿಗೆ ಕೇಳ್ತಾನಾ ಕಂಪನಿ ಹೆಸರಿಗೆ ಕೇಳ್ತಾನಾ, ಹೋಟ್ಲು ಬುಕ್ ಆಗಿದೆ ಅಂದ ಮೇಲೆ ನಾವೇ ಹೋಟ್ಲಿಗೆ ಮೇಲ್ ಹಾಕಿದ್ರೆ ನಮ್ಮ ಹೆಸರು ಅಲ್ಲಿದ್ಯಾ. ವ್ಯಕ್ತಿ ಹೆಸರಿಗೆ ಪೂರ್ತಿ ದುಡ್ಡು ಕೇಳಿದ ಒಬ್ಬನ್ನ ಅಲ್ಲೇ ಕೈಬಿಟ್ವಿ, ರೇಟು ಬಹಳ ಕಡಿಮೆ ಇತ್ತು, ಅದೇ ಅನುಮಾನ. ಹಾಂ, ಅಲ್ಲಿ ನೋಟು ಹುಷಾರು ಕಣ್ರಿ, 20 ಸಾವಿರ ಡಾಂಗ್ ನೋಟೂ ನೀಲಿ, 5 ಲಕ್ಷ ಡಾಂಗ್ ನೋಟೂ ನೀಲಿ, ರಾತ್ರಿ ಬೆಳಕಲ್ಲಿ ಎರಡೂ ಒಂದೇ ತರ ಕಾಣ್ತಾವೆ, ಭಾವ ಅವೆರಡನ್ನೂ ಬೇರೆ ಬೇರೆ ಜೇಬಲ್ಲಿ ಇಟ್ಕೊಂಡೇ ಓಡಾಡಿದ್ರು.

ವೀಸಾ ವಿಷ್ಯದಲ್ಲಿ ಪ್ಯಾಕೇಜ್ ಗೆಲ್ಲುತ್ತೆ, ಆದ್ರೆ ಎಲ್ಲ ದೇಶಕ್ಕೂ ಅಲ್ಲ. ಸಿಂಗಾಪುರಕ್ಕೆ ನಮಗೆ ವೀಸಾ ಬೇಕು, ಅಲ್ಲಿ ಪರಿಚಯದೋರು ಇಲ್ದಿದ್ರೆ ಅದು ಅಧಿಕೃತ ಏಜೆಂಟ್ ಮೂಲಕನೇ ಹೋಗ್ಬೇಕು, ಹಂಗಾಗಿ ಅಲ್ಲಿ ಟೂರ್‌ನೋರು ಮಾಡಿಕೊಟ್ಟಿದ್ದು ಉಪಕಾರನೇ. ಮಲೇಷ್ಯಾ 2023ರ ಡಿಸೆಂಬರ್‌ನಿಂದ ಭಾರತದೋರಿಗೆ 30 ದಿನ ವೀಸಾ ಬೇಡ ಅಂದಿದೆ, ಥಾಯ್ಲೆಂಡೂ ನಾವು ಹೋದಾಗ ಬೇಡ ಅಂತಿತ್ತು, ಈ ನಿಯಮ ಅವ್ರಿಗೆ ಬೇಕಾದಾಗ ಬದಲಾಗ್ತಾ ಇರುತ್ತೆ, ಟಿಕೆಟ್ ಮಾಡೋ ದಿನ ಎಂಬಸಿ ಸೈಟ್ ನೋಡೋದೇ ವಾಸಿ. ವಿಯೆಟ್ನಾಂ ಇ-ವೀಸಾ ಸರ್ಕಾರಿ ಫೀ 25 ಡಾಲರ್, ಇಲ್ಲಿನ ಏಜೆಂಟ್ರು ಅದನ್ನೇ ಎರಡು ಮೂರು ಪಟ್ಟು ಹೇಳಿದ್ರು. ಥಾಯ್ಲೆಂಡಿಗೆ 2025ರ ಮೇ 1ರಿಂದ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು, ಅದು ಪೂರ್ತಿ ಪುಕ್ಸಟ್ಟೆ, ಆದ್ರೆ ಗೂಗಲಲ್ಲಿ ಹುಡುಕಿದ್ರೆ ಮೇಲ್ಗಡೆ ಬರೋ ಕೆಲವು ಸೈಟು ಅಧಿಕೃತದ ತರನೇ ವೇಷ ಹಾಕ್ಕೊಂಡು ಬ್ಯಾಂಕ್ ಕಾರ್ಡ್ ನಂಬರ್ ಕೇಳ್ತಾವೆ.

ನಮ್ಮ ಕಡೆಯೋರು ಪಾಸ್‌ಪೋರ್ಟಲ್ಲಿ ನೋಡಲೇಬೇಕಾದ್ದು ಸರ್‌ನೇಮ್. ಇನಿಷಿಯಲ್ ಇಟ್ಕೊಂಡೇ ಬೆಳೆದೋರು ನಾವು, ಬಹಳ ಜನರ ಪಾಸ್‌ಪೋರ್ಟಲ್ಲಿ ಸರ್‌ನೇಮ್ ಖಾಲಿ, ಹೆಸರು ಒಂದೇ ಪದ. ಅಪ್ಪಂದು ಹಂಗೇ ಇತ್ತು. ಬೇರೆ ಕಡೆ ಹೆಂಗೋ ನಡೆಯುತ್ತೆ, ಟಿಕೆಟಲ್ಲಿ ಹೆಸರನ್ನೇ ಎರಡು ಸಲ ಹಾಕು ಅಂತಾರೆ ಕೆಲವು ಏರ್‌ಲೈನು, ಆದ್ರೆ ಯುಎಇ 2022ರ ನವೆಂಬರ್‌ನಲ್ಲಿ ಒಂದೇ ಪದದ ಹೆಸರಿರೋರಿಗೆ ಟೂರಿಸ್ಟ್ ವೀಸಾಲಿ ಬಿಡಲ್ಲ ಅಂದುಬಿಡ್ತು, ಆಮೇಲೆ ಪಾಸ್‌ಪೋರ್ಟಿನ ಕೊನೆ ಪುಟದಲ್ಲಿ ಅಪ್ಪನ ಹೆಸರಿದ್ರೆ ಒಪ್ತೀವಿ ಅಂತು. ಆ ಗೊಂದಲಕ್ಕೇ ದುಬೈ ಅನ್ಕೊಂಡಿದ್ದನ್ನ ಬಿಟ್ಟು ಅಪ್ಪ ಅಮ್ಮಂಗೆ ಸಿಂಗಾಪುರ ಮಾಡಿದ್ದು. ಇದನ್ನ ಪ್ಯಾಕೇಜ್‌ನೋರು ದುಡ್ಡು ಕಟ್ಟಿಸ್ಕೊಳೋ ಮುಂಚೆ ಕೇಳ್ತಾರೆ ಅನ್ಕೋಬೇಡಿ, ನಾವಾಗಿ ಹೇಳಿದ ಮೇಲೆ ಅವ್ರು ಪಾಸ್‌ಪೋರ್ಟ್ ತೆಗೆದು ನೋಡಿದ್ದು.

ಊಟ. ಇದೊಂದ್ರಲ್ಲಿ ಗ್ರೂಪ್ ಟೂರಿಗೆ ಸಾಟಿ ಇಲ್ಲ, ರಾತ್ರಿ ಅನ್ನ ಸಾರು ಚಪಾತಿ ಮೊಸರು ಬಂದೇ ಬರುತ್ತೆ, ಜೈನರಿಗೆ ಬೇರೆ. ಅಪ್ಪ ಮನೆ ಬಿಟ್ಟು ಬೇರೆ ಕಡೆ ಊಟನೇ ಮಾಡದೋರು, ಅಲ್ಲಿ ಎರಡನೇ ಸಲ ಅನ್ನ ಹಾಕಿಸ್ಕೊಂಡ್ರು. ಥಾಯ್ಲೆಂಡಲ್ಲಿ ನಾವಿಬ್ರೇ ಇದ್ದಾಗ ಸೊಪ್ಪು ತರಕಾರಿ ಅಂತ ತಗೊಂಡ್ರೂ ಒಳಗೆ ಮೀನಿನ ಸಾಸ್ ಇರುತ್ತೆ, ಹಳದಿ ಬೋರ್ಡ್ ಮೇಲೆ ಕೆಂಪಕ್ಷರದಲ್ಲಿ 'ಜೇ' (ಪೂರ್ತಿ ಸಸ್ಯಾಹಾರ) ಅಂತ ಥಾಯ್ ಲಿಪೀಲಿ ಬರೆದಿರೋ ಅಂಗಡಿ ಹುಡುಕ್ಕೊಂಡು ತಿಂದ್ವಿ, ಅಲ್ಲಿ ಮೊಟ್ಟೆನೂ ಇಲ್ಲ. ವಿಯೆಟ್ನಾಮಲ್ಲಿ ಗೈಡೇ ಹೇಳ್ತಿದ್ದ. ಮನೆಯಿಂದ ಖಡಕ್ ರೊಟ್ಟಿ ಶೇಂಗಾ ಚಟ್ನಿಪುಡಿ ಎಲ್ಲ ಸಲನೂ ಹೋಗಿದೆ, ಏನೂ ತೊಂದ್ರೆ ಆಗಿಲ್ಲ, ಆದ್ರೆ ಸಿಂಗಾಪುರಕ್ಕೂ ದುಬೈಗೂ ಗಸಗಸೆ ಒಯ್ಯಂಗಿಲ್ಲ, ಅಲ್ಲಿ ಅದು ಅಫೀಮು ಲೆಕ್ಕ. ಮಸಾಲೆ ಪುಡೀಲಿ ಹಾಕಿರ್ತೀವಿ ನಾವು, ಅಮ್ಮನ ಡಬ್ಬಿ ಮನೇಲೇ ಇಳಿಸಿ ಹೋದ್ವಿ.

ಏರ್‌ಪೋರ್ಟಿಗೆ ಹೋಗೋದು ಮೂರಕ್ಕೂ ನಮ್ಮದೇ ತಲೆನೋವು, ಟೂರ್‌ನೋರು ದೇವನಹಳ್ಳೀಲಿ ಸಿಗ್ತೀವಿ ಅಂತಾರೆ, ದಾವಣಗೆರೆಯಿಂದ ಅಲ್ಲಿಗೆ ಐದು ತಾಸು. ಕಾರಲ್ಲಿ ಹೋಗೋರು ಬೆಂಗಳೂರು ಒಳಗೆ ಹೋಗ್ಲೇಬೇಡಿ, ತುಮಕೂರು ದಾಟಿ ದಾಬಸ್‌ಪೇಟೆಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರ ಮೇಲೆ ದೇವನಹಳ್ಳಿ, ರಸ್ತೆ ಚೆನ್ನಾಗೈತೆ. ಇಂಟರ್‌ನ್ಯಾಷನಲ್ ಅಂದ್ರೆ ಟರ್ಮಿನಲ್ 2.

ಸೇಫ್ಟಿ ಅಂತ ಕೇಳಿದ್ರೆ, ಗ್ರೂಪಲ್ಲಿ ಕಳೆದುಹೋಗೋ ಭಯ ಇಲ್ಲ, ಅಮ್ಮಂಗೆ ಒಂದಿನ ತಲೆಸುತ್ತು ಬಂದಾಗ ಟೂರ್ ಮ್ಯಾನೇಜರ್ ಹುಡುಗನೇ ಹತ್ರದ ಕ್ಲಿನಿಕ್‌ಗೆ ಕರ್ಕೊಂಡು ಹೋದ, ಆ ಹುಡುಗನ್ನ ನಾನು ಬಯ್ಯಲ್ಲ. ಆದ್ರೆ ಪ್ಯಾಕೇಜ್ ಜೊತೆ ಬರೋ ಇನ್ಶೂರೆನ್ಸ್ ತೆಗೆದು ಓದ್ರಿ, ಮೊದ್ಲೇ ಇರೋ ಬಿಪಿ ಶುಗರ್‌ಗೆ ಬಹಳ ಪಾಲಿಸೀಲಿ ಏನೂ ಸಿಗಲ್ಲ. ವಯಸ್ಸಾದೋರಿಗೆ ಬೇರೆ ಪಾಲಿಸಿ ತಗೊಂಡ್ವಿ ನಾವು. ಥಾಯ್ಲೆಂಡಲ್ಲಿ ಹುಡುಗ್ರು ಬಾಡಿಗೆ ಸ್ಕೂಟರ್ ಹತ್ತುತಾರೆ, ಟೂವೀಲರ್ ಲೈಸೆನ್ಸೂ ಆರ್‌ಟಿಓದಲ್ಲಿ ಕೊಡೋ ಇಂಟರ್‌ನ್ಯಾಷನಲ್ ಪರ್ಮಿಟ್ಟೂ ಇಲ್ದೆ ಬಿದ್ರೆ ಇನ್ಶೂರೆನ್ಸ್ ಕೈ ಎತ್ತುತ್ತೆ, ನಾವು ಗ್ರ್ಯಾಬ್ (ಓಲಾ ತರದ ಆಪ್) ಕಾರಲ್ಲೇ ಓಡಾಡಿದ್ವಿ, ರೇಟು ಮೊದ್ಲೇ ಕಾಣುತ್ತೆ, ಜಗಳ ಇಲ್ಲ. ಅಲ್ಲಿ ಟೂರಿಸ್ಟ್ ಪೊಲೀಸ್ 1155, ಇಂಗ್ಲಿಷ್ ಮಾತಾಡ್ತಾರೆ.

ನನ್ನ ಕೇಳಿದ್ರೆ ಅರವತ್ತು ದಾಟಿದೋರ ಜೊತೆ, ವೀಸಾ ಬೇಕಾದ ದೇಶಕ್ಕೆ, ಗ್ರೂಪ್ ಟೂರೇ ಸರಿ, ಆದ್ರೆ ಮೊದ್ಲೇ ಟಿಪ್ಸು ಆಪ್ಷನಲ್ಲು ಎಲ್ಲ ಸೇರಿಸಿದ ಒಟ್ಟು ರೇಟು ಬರೆಸ್ಕೊಳ್ಳಿ. ಗಂಡ ಹೆಂಡ್ತಿ ಇಬ್ರೇ ಆದ್ರೆ ಥಾಯ್ಲೆಂಡ್ ಮಲೇಷ್ಯಾಕ್ಕೆ ಪ್ಯಾಕೇಜ್ ದಂಡ. ನಾಲ್ಕರಿಂದ ಎಂಟು ಜನದ ಮನೆಮಂದಿಗೆ ಲ್ಯಾಂಡ್ ಪ್ಯಾಕೇಜ್, ಅದಕ್ಕೆ ನನ್ನ ಪೂರ್ತಿ ಓಟು. ಯುರೋಪ್ ಬಗ್ಗೆ ಎಲ್ರೂ ಕೇಳ್ತಾರೆ. ಅಲ್ಲಿನ ಬಹಳ ದೇಶಕ್ಕೆ ಒಂದೇ ಸಾಕಾಗೋ ಷೆಂಗೆನ್ ವೀಸಾ ಫೀ 2024ರ ಜೂನ್‌ನಿಂದ 90 ಯೂರೋ, ಬೆರಳಚ್ಚು ಕೊಡಕ್ಕೆ ಬೆಂಗಳೂರಿಗೆ ಹೋಗ್ಬೇಕು, 30 ಸಾವಿರ ಯೂರೋ ಕವರ್ ಆಗೋ ಇನ್ಶೂರೆನ್ಸ್ ಕಡ್ಡಾಯ. ಭಾವ ಲ್ಯಾಂಡ್ ಪ್ಯಾಕೇಜಲ್ಲೇ ಹೋಗಣ ಅಂತಾರೆ, ಅಕ್ಕ ಗ್ರೂಪ್ ಟೂರೇ ಆಗ್ಬೇಕು ಅಂತಾಳೆ, ಸದ್ಯಕ್ಕೆ ಯಾರೂ ಸೋತಿಲ್ಲ.