ಅಲ್ ಗ್ರೀನ್ ಎಲ್‌ಪಿಗಳು: ಮಳೆಗಾಲದಲ್ಲಿ ಇನ್ನೊಂದು ಸುತ್ತು

ಧಾರವಾಡದ ಜಿಟಿಜಿಟಿ ಮಳೆಗೆ ಕವರ್‌ಗಳಿಗೆ ಬೂಷ್ಟು ಹಿಡಿಯುತ್ತೆ ಅಂತ ಎಲ್‌ಪಿಗಳನ್ನೆಲ್ಲ, ಅಂದ್ರೆ ದೊಡ್ಡ ಗ್ರಾಮಫೋನ್ ತಟ್ಟೆಗಳನ್ನ, ಹೊರಗೆ ತೆಗೆದಿದ್ದೆ, ಒರೆಸುತ್ತಾ ಅಮೆರಿಕದ ಸೋಲ್ ಗಾಯಕ ಅಲ್ ಗ್ರೀನ್ ಹತ್ತಿರ ಬಂದವನು ಅಲ್ಲೇ ಕೂತುಬಿಟ್ಟೆ. 1972ರ ಆಲ್ಬಂ 'ಲೆಟ್ಸ್ ಸ್ಟೇ ಟುಗೆದರ್'. ಅದೇ ಹೆಸರಿನ ಹಾಡು ಎಲ್ಲರೂ ಕೇಳಿದ್ದೇ, ಬಿಡಿ. ನನಗೆ ಬೇಕಾದ್ದು ಬೀ ಜೀಸ್ ತಂಡದ 'ಹೌ ಕ್ಯಾನ್ ಯು ಮೆಂಡ್ ಎ ಬ್ರೋಕನ್ ಹಾರ್ಟ್'. ಇಲ್ಲಿ ಗ್ರೀನ್ ದನಿಯಲ್ಲಿ ಅದು ಆರು ನಿಮಿಷಕ್ಕೂ ಜಾಸ್ತಿ ಎಳೆಯುತ್ತೆ, ಆದರೆ ಎಲ್ಲೂ ಬೇಜಾರಾಗಲ್ಲ. ಕೊನೆಗೆ ಮಾತೇ ಮುಗಿದು, ಬರೀ ಗುನುಗು, ನಿಟ್ಟುಸಿರು, ಎತ್ತರದಲ್ಲಿ ಒಂದು ಎಳೆ ದನಿ. ಕಿರಾನಾ ಘರಾಣೆಯ ವಿಲಂಬಿತ ಕೇಳಿ ಬೆಳೆದ ನಮ್ಮೂರಿನ ಕಿವಿಗೆ ಈ ನಿಧಾನ ಹೊಸದೇನಲ್ಲ ಅಲ್ವಾ?

ನಿರ್ಮಾಪಕ ವಿಲ್ಲಿ ಮಿಚೆಲ್. ಅಮೆರಿಕದ ಮೆಂಫಿಸ್‌ನಲ್ಲಿ ಹಳೇ ಸಿನಿಮಾ ಟಾಕೀಸೊಂದರಲ್ಲಿದ್ದ ರಾಯಲ್ ಸ್ಟುಡಿಯೋದಲ್ಲಿ ಮಾಡಿದ್ದು. ಡ್ರಮ್ಸ್ ದಪ್ಪಗೆ, ಹತ್ತಿರದಲ್ಲೇ ಬಾರಿಸಿದಂತೆ ಕೇಳುತ್ತೆ. ಫೋನಿನಲ್ಲಿ ಈ ಸುಖ ಇಲ್ಲ, ಸುಮ್ನೆ ಹೇಳ್ತಿಲ್ಲ.

ನನ್ನ ಪ್ರತಿಯಲ್ಲಿ ಚಟಪಟ ಸದ್ದು ಇದೆ, ಮೆಲ್ಲಗೆ ಹಾಡುವಾಗ ಸ್ವಲ್ಪ ಕಿರಿಕಿರಿನೇ. ಗ್ರೀನ್ 1976ರಲ್ಲಿ ಮೆಂಫಿಸ್‌ನಲ್ಲೇ ಚರ್ಚ್ ಶುರುಮಾಡಿ ಪಾದ್ರಿಯಾದ ಮೇಲಿನ ಭಕ್ತಿಗೀತೆಗಳು ನನಗೆ ಅಷ್ಟು ಹಿಡಿಸಲಿಲ್ಲ. ಹೊಸಬರು 1973ರ 'ಕಾಲ್ ಮಿ' ಮೊದಲು ತಗೊಳ್ಳಿ, ಅದರಲ್ಲಿ ದಾಟಿಸಿ ಬಿಡೋ ಹಾಡೇ ಇಲ್ಲ.