ಹೊಸಬರ ನಿಟ್ಟಿಂಗ್ ಕಿಟ್: ವರ್ಷ ದಾಟಿದ ಮೇಲೆ ಉಳಿದದ್ದೇನು

ಈ ಕಿಟ್‌ಗೆ ಸಿಕ್ಕ ಐದು ಸ್ಟಾರ್ ರೇಟಿಂಗ್‌ಗಳಲ್ಲಿ ಹೆಚ್ಚಿನವು ಪೆಟ್ಟಿಗೆ ಬಿಚ್ಚಿದ ದಿನವೇ ಕೊಟ್ಟವು. ನಿಟ್ಟಿಂಗ್ ಕಿಟ್ ಹೇಗಿದೆ ಅನ್ನೋದು ಅವತ್ತು ಗೊತ್ತಾಗುವುದಿಲ್ಲ. ಹೆಣೆದದ್ದನ್ನು ಹಾಕಿಕೊಂಡು, ಒಗೆದು, ಮತ್ತೆ ಹಾಕಿಕೊಂಡಾಗ ಗೊತ್ತಾಗುತ್ತದೆ. ನನ್ನ ಕೈಗೆ ಬಂದು ವರ್ಷ ದಾಟಿದೆ, ಅದಕ್ಕೇ ಈಗ ಬರೆಯುತ್ತಿದ್ದೇನೆ.

ಪೆಟ್ಟಿಗೆಯಲ್ಲಿ 5 ಮಿ.ಮೀ. ದಪ್ಪದ ಒಂದು ಜೊತೆ ಬಿದಿರಿನ ಕಡ್ಡಿ, 100 ಗ್ರಾಂನ ಮೂರು ಅಕ್ರಿಲಿಕ್ ಉಲ್ಲನ್ ಉಂಡೆ, ದಪ್ಪ ಕಣ್ಣಿನ ಸೂಜಿ, ಗುರುತಿಗೆ ಹಾಕುವ ಪ್ಲಾಸ್ಟಿಕ್ ಉಂಗುರಗಳು, ಒಂದು ಪುಸ್ತಿಕೆ ಇರುತ್ತವೆ. ಹೆಣೆಯಬೇಕಾದದ್ದು ಮಫ್ಲರ್, ಬೆರಳಿಲ್ಲದ ಕೈಗವಸು, ಆಮೇಲೆ ಟೋಪಿ.

ಈ ಕ್ರಮ ಮಾಡಿದವರಿಗೆ ಕಲಿಸುವುದು ಗೊತ್ತು. ಸುಮ್ನೆ ಚೌಕ ಹೆಣೆದು ಬಿಚ್ಚುವ ಅಭ್ಯಾಸ ಇಲ್ಲಿ ಇಲ್ಲ. ಮಫ್ಲರ್‌ಗೆ ಎಲ್ಲ ಸಾಲೂ ನಿಟ್, ಅಂದರೆ ಸೀದಾ ಕುಣಿಕೆಯೇ; ಪರ್ಲ್, ಅಂದರೆ ಉಲ್ಟಾ ಕುಣಿಕೆ ಬೇಕಿಲ್ಲ. ಆ ಬಟ್ಟೆ ಎರಡೂ ಕಡೆ ಒಂದೇ ಥರ ಕಾಣುತ್ತದೆ, ಅಂಚು ಮಡಚಿಕೊಳ್ಳುವುದಿಲ್ಲ. ಕೈಗವಸು ಅಂದರೆ ಒಂದು ಆಯತ ಹೆಣೆದು, ಮಡಚಿ, ಹೆಬ್ಬೆರಳಿಗೆ ಜಾಗ ಬಿಟ್ಟು ಹೊಲಿಯುವುದು ಅಷ್ಟೇ. ಟೋಪಿಯ ಅಂಚಿಗೆ ಎರಡು ನಿಟ್, ಎರಡು ಪರ್ಲ್ ಹಾಕುವಾಗ ಅದು ಯಾಕೆ ಹಿಗ್ಗುತ್ತದೆ ಅಂತ ಕೈಗೇ ತಿಳಿಯುತ್ತದೆ. ಒಂದೊಂದು ಪ್ರಾಜೆಕ್ಟ್‌ಗೂ ಒಂದೇ ಹೊಸ ವಿಷಯ. ಮುಗಿದಾಗ ಹಾಕಿಕೊಳ್ಳಲು ಏನೋ ಒಂದು ಕೈಯಲ್ಲಿ ಇರುತ್ತದೆ, ಮುಂದಿನದು ಶುರು ಮಾಡಲು ಮನಸ್ಸೂ ಬರುತ್ತದೆ.

ಪುಸ್ತಿಕೆ ಎಡವುವುದು ಕೆಲಸ ಕೆಟ್ಟಾಗ. ಹೊಸಬರ ಮಫ್ಲರ್ ಹೋಗ್ತಾ ಹೋಗ್ತಾ ಅಗಲ ಆಗುವುದಕ್ಕೆ ಮುಖ್ಯ ಕಾರಣ ಒಂದಿದೆ, ಅದರ ಬಗ್ಗೆ ಒಂದಕ್ಷರ ಇಲ್ಲ. ಸಾಲು ಮುಗಿಸಿ ಕಡ್ಡಿ ತಿರುಗಿಸಿದಾಗ ದಾರ ಮುಂದೆ, ಕಡ್ಡಿಯ ಕೆಳಗೆ ಇರಬೇಕು. ಅದನ್ನು ಕಡ್ಡಿಯ ಮೇಲಿನಿಂದ ಹಿಂದಕ್ಕೆ ಎಳೆದರೆ ಮೊದಲ ಕುಣಿಕೆ ಮೇಲೆದ್ದು ಅದರ ಎರಡು ಕಾಲೂ ಅಕ್ಕಪಕ್ಕ ನಿಲ್ಲುತ್ತವೆ, ಎರಡು ಕುಣಿಕೆ ಇದ್ದ ಹಾಗೆ ಕಾಣುತ್ತದೆ. ಎರಡನ್ನೂ ಹೆಣೆದರೆ ಒಂದು ಜಾಸ್ತಿ. 30 ಇದ್ದದ್ದು ನೋಡ್ತಾ ನೋಡ್ತಾ 40 ಆಗುತ್ತದೆ. ಎರಡು ಸಾಲಿನ ಎಚ್ಚರಿಕೆ, ಒಂದು ಚಿತ್ರ ಇದ್ದಿದ್ದರೆ ಸಾಕಿತ್ತು ಅಲ್ವಾ?

ಜಾರಿದ ಕುಣಿಕೆಯದೂ ಇದೇ ಕಥೆ. ಅದು ಕೆಳಗಿನ ಸಾಲುಗಳಿಗೆ ಇಳಿದು ಹೋದ ಕಡೆ ಏಣಿಯ ಹಾಗೆ ಅಡ್ಡ ಎಳೆಗಳು ಉಳಿಯುತ್ತವೆ. ತುದಿಯಲ್ಲಿ ಕೊಕ್ಕೆ ಇರುವ ಕ್ರೋಶಾ ಕಡ್ಡಿಯನ್ನು ಕುಣಿಕೆಯೊಳಗೆ ತೂರಿಸಿ, ಅತಿ ಕೆಳಗಿನ ಎಳೆಯನ್ನು ಹಿಡಿದು, ಕುಣಿಕೆಯ ಮೂಲಕ ಎಳೆದರೆ ಒಂದು ಸಾಲು ಮೇಲೆ ಬರುತ್ತದೆ. ಮಫ್ಲರ್‌ನ ಹೆಣಿಗೆಯಲ್ಲಾದರೆ ಒಂದು ಎಳೆಯನ್ನು ಮುಂದಿನಿಂದ, ಇನ್ನೊಂದನ್ನು ಹಿಂದಿನಿಂದ ತೆಗೆಯಬೇಕು. ಆದರೆ ಕಿಟ್‌ನಲ್ಲಿ ಕ್ರೋಶಾ ಕಡ್ಡಿಯೇ ಇಲ್ಲ! ಉಂಗುರಗಳ ಬದಲು ಅದನ್ನು ಕೊಟ್ಟಿದ್ದರೆ ಚೆನ್ನಾಗಿತ್ತು.

ಕಡ್ಡಿಗಳ ಬಗ್ಗೆ ದೂರಿಲ್ಲ. ಬಿದಿರು ಕುಣಿಕೆಯನ್ನು ಸ್ವಲ್ಪ ಹಿಡಿದುಕೊಳ್ಳುತ್ತದೆ, ಲೋಹದ ಕಡ್ಡಿಯಿಂದ ಜಾರುವಷ್ಟು ಸುಲಭವಾಗಿ ಜಾರುವುದಿಲ್ಲ. ತುದಿ ಇನ್ನೂ ಸೀಳಿಲ್ಲ. ಇನ್ನೊಂದು ಜೊತೆ ಕೊಳ್ಳುವಾಗ ಮಾತ್ರ ಮಿ.ಮೀ. ನೋಡಿ, ನಂಬರ್ ನಂಬಬೇಡಿ. ಈ 5 ಮಿ.ಮೀ. ಕಡ್ಡಿ ಅಮೆರಿಕದ ಲೆಕ್ಕದಲ್ಲಿ 8, ಹಳೆಯ ಬ್ರಿಟಿಷ್ ಲೆಕ್ಕದಲ್ಲಿ 6. ಅಮೆರಿಕದಲ್ಲಿ ನಂಬರ್ ಏರಿದಂತೆ ಕಡ್ಡಿ ದಪ್ಪ, ಬ್ರಿಟಿಷ್ ಲೆಕ್ಕದಲ್ಲಿ ತೆಳು.

ಉಲ್ಲನ್ ವಿಷಯದಲ್ಲಿ ಕಂಪನಿ ಕೈ ಬಿಗಿ ಹಿಡಿದಿದೆ. ಎಳೆಗಳ ಹುರಿ ಸಡಿಲ, ಕಡ್ಡಿಯ ತುದಿ ಎಳೆಗಳ ನಡುವೆ ತೂರಿಕೊಳ್ಳುತ್ತದೆ. ಮೂರರಲ್ಲಿ ಒಂದು ಉಂಡೆ ಗಾಢ ನೀಲಿ. ಕುಣಿಕೆ ಗುರುತಿಸುವುದನ್ನೇ ಇನ್ನೂ ಕಲಿಯುತ್ತಿರುವವರಿಗೆ ಕಪ್ಪಗಿನ ಬಣ್ಣ ಕೊಡುವುದು ಯಾವ ನ್ಯಾಯ? ಮಫ್ಲರ್‌ನಲ್ಲಿ ಕುತ್ತಿಗೆಗೆ ತಾಗುವ ಜಾಗವೆಲ್ಲ ಗುಳ್ಳೆಗುಳ್ಳೆ ಎದ್ದಿದೆ. ಒಗೆಯುವುದಕ್ಕೆ ತೊಂದರೆಯಿಲ್ಲ, ಆದರೆ ಇಸ್ತ್ರಿ ಬೇಡ. ಬಿಸಿ ಜಾಸ್ತಿಯಾದರೆ ಅಕ್ರಿಲಿಕ್ ಪುಟಿಯುವ ಗುಣ ಕಳೆದುಕೊಂಡು ಜೋತುಬೀಳುತ್ತದೆ, ಮತ್ತೆ ಸರಿಹೋಗುವುದಿಲ್ಲ. ಅದೇ ಬಣ್ಣದ ಉಂಡೆ ಮತ್ತೆ ತರಿಸುವುದಾದರೆ ಲೇಬಲ್ ಮೇಲಿನ ಡೈ ಲಾಟ್ (ಒಟ್ಟಿಗೇ ಬಣ್ಣ ಹಾಕಿದ ಕಂತು) ಸಂಖ್ಯೆ ಹೊಂದಿಸಿ. ಬೇರೆ ಲಾಟ್‌ನದು ಬಂದರೆ ಬಣ್ಣದ ವ್ಯತ್ಯಾಸ ಮುಗಿಸಿದ ಮೇಲೆ ಎದ್ದು ಕಾಣುತ್ತದೆ.

ಟೋಪಿಗೆ ಮುಂಚೆ ಒಂದು ಸಣ್ಣ ತುಂಡು ಹೆಣೆದು ಅಳೆಯಿರಿ. ಪುಸ್ತಿಕೆಯ ಲೆಕ್ಕ 10 ಸೆಂ.ಮೀ.ಗೆ 18 ಕುಣಿಕೆ, 90 ಕುಣಿಕೆಗೆ 50 ಸೆಂ.ಮೀ. ಸುತ್ತಳತೆ. ನಿಮ್ಮ ಕೈ ಬಿಗಿಯಾಗಿ 20 ಬಂದರೆ ಅದೇ ಟೋಪಿ 45 ಸೆಂ.ಮೀ. ಆಗುತ್ತದೆ, ಮಕ್ಕಳಿಗೆ ಕೊಡಬೇಕಾಗುತ್ತದೆ. ಆಗ 5.5 ಮಿ.ಮೀ. ಕಡ್ಡಿ ಹಿಡಿದು ಇನ್ನೊಮ್ಮೆ ಅಳೆದು ನೋಡಿ.

ನನ್ನ ಲೆಕ್ಕದಲ್ಲಿ ಐದಕ್ಕೆ ಮೂರೂವರೆ ಸ್ಟಾರ್. ಕೊಳ್ಳುವುದಾದರೆ ಜೊತೆಗೆ ತಿಳಿಬಣ್ಣದ, ಬಿಗಿ ಹುರಿಯ ಒಂದು ಉಂಡೆ ಮತ್ತು ಒಂದು ಕ್ರೋಶಾ ಕಡ್ಡಿ ತಗೊಳ್ಳಿ. ಇದೇ ಕಡ್ಡಿಯಲ್ಲಿ ಸ್ವೆಟರ್ ಆಗುತ್ತಾ ಅಂತ ಕೇಳುವವರಿಗೆ: ಬಿಡಿಬಿಡಿ ಭಾಗ ಹೆಣೆದು ಜೋಡಿಸಿದರೆ ಆಗುತ್ತದೆ. ಆದರೆ ಅಷ್ಟೂ ಭಾರ ಮಣಿಕಟ್ಟಿನ ಮೇಲೆ ಬೀಳುತ್ತದೆ. ನಡುವೆ ಕೇಬಲ್ ಇರುವ ಸರ್ಕ್ಯುಲರ್ ಕಡ್ಡಿ ತಗೊಂಡರೆ ಭಾರ ತೊಡೆಯ ಮೇಲೆ ಕೂರುತ್ತದೆ, ನೇರ ಸಾಲುಗಳನ್ನೂ ಅದರಲ್ಲೇ ಹೆಣೆಯಬಹುದು. ನನ್ನ ಸ್ವೆಟರ್ ಈಗ ಅದರ ಮೇಲೇ ಇದೆ, ಒಂದು ತೋಳು ಬಾಕಿ.